ಬಾಕಿಯ ಕಾಲಂ

ಚಳ್ಳಕೆರೆ ತಾಲ್ಲೂಕು ಕಚೇರಿ ಎದುರು, ಹೊಂಗೆ ಮರದ ಬುಡಕ್ಕೆ
ನನ್ನ ಮೇಜು, ನನ್ನ ಟೈಪ್‌ ಮಿಷಿನ್ನು.
ಅದರಲ್ಲಿ 'ಳ' ಒಮ್ಮೆ ಬಿದ್ದರೆ ತಾನಾಗಿ ಏಳುವುದಿಲ್ಲ.
ಊರಿನ ಹೆಸರಲ್ಲೇ ಇದೆ ಆ ಅಕ್ಷರ;
ದಿನಕ್ಕೆ ನೂರು ಸಲ ಉಗುರಲ್ಲಿ ಎಬ್ಬಿಸುತ್ತೇನೆ.

ಐದು ವರ್ಷದ ಹಿಂದೆ ಇದೇ ಬಿಸಿಲು,
ಇದೇ ಎಣ್ಣೆ ಮಿಲ್ಲಿನ ಹಿಂಡಿಯ ವಾಸನೆ.
ದೊಡ್ಡಬೋರಯ್ಯನವರು ಕಾರಿನಿಂದ ಇಳಿಯಲೇ ಇಲ್ಲ.
ಇಳಿದವನು ಪಾಪೇಶ,
ಕಂಕುಳಲ್ಲಿ ಫೈಲು. ಅದನ್ನು ಬಿಚ್ಚದೆಯೇ ಹೇಳುತ್ತಾ ಹೋದ:
ಸರ್ವೆ ನಂಬರು ನೂರಾ ಹದಿನಾಲ್ಕು ಬಾರ್ ಎರಡು,
ನಾಲ್ಕು ಎಕರೆ ಹನ್ನೊಂದು ಗುಂಟೆ, ಖುಷ್ಕಿ,
ಅಮ್ಮಾರ ಹೆಸರಲ್ಲಿ ಬಂಗಾರ ಇಷ್ಟು ಗ್ರಾಂ,
"ಕೇಸು ಯಾವ್ದೂ ಇಲ್ಲ ಅಕ್ಕಾ, ಇಲ್ಲ ಅಂತ ಹೊಡಿ."
ಹೊಡೆದೆ. ಕಾರಿನ ಗಾಜು ನಾಲ್ಕು ಬೆರಳು ಇಳಿಯಿತು,
ಕೈಯೊಂದು ಹೊರಬಂದು ಸಹಿ ಹಾಕಿತು.
ದುಡ್ಡು?
"ಗೆದ್ದ ಮೇಲೆ ಬರ್ತೀವಲ್ಲ," ಅಂದ ಪಾಪೇಶ.
ಗೆದ್ದರು.

ಈ ಸಲ ಶಿವರಾತ್ರಿ ಕಳೆಯುತ್ತಲೇ ಮಾತು ಶುರು.
ಬೆಂಗಳೂರಿನವರು ಗುಟ್ಟಾಗಿ ಸರ್ವೆ ಮಾಡಿಸಿದ್ದಾರಂತೆ,
ಕೂತವರಿಗೇ ಕೊಟ್ಟರೆ ಸೀಟು ಹೋಗುತ್ತದಂತೆ.
ಮೊದಲ ಪಟ್ಟಿಯಲ್ಲಿ ಹೆಸರಿಲ್ಲ, ಎರಡರಲ್ಲಿ ಇಲ್ಲ,
ಮೂರನೆಯದು ಇವತ್ತು ರಾತ್ರಿ, ಇವತ್ತು ರಾತ್ರಿ.
ಒಗ್ಗರಣೆ ಮಂಡಕ್ಕಿ ಪ್ಲೇಟಿನ ಮೇಲೆ ಬಾಜಿ ಕಟ್ಟಿದರು.
ಪಾಪೇಶ ಬಿಳಿ ಅಂಗಿ ಹೊಲಿಸುತ್ತಿದ್ದಾನೆ,
ಒಂದಲ್ಲ, ಡಜನ್ನು, ಅಂತ
ಟೈಲರ್ ಇಮಾಂಸಾಬಿ ನನ್ನ ಕಿವಿಗೆ ಹಾಕಿದ.

ಕೊನೆಯ ದಿನ. ಮೂರು ಗಂಟೆಗೆ ಗೇಟು ಮುಚ್ಚುತ್ತದೆ.
ಎರಡು ಹತ್ತಕ್ಕೆ ಹಿರಿಯೂರು ಕಡೆಯಿಂದ ಬಂತು ಕಾರು,
ಕಾರಿನಲ್ಲಿ ಬಿ ಫಾರಂ.
ಪಟಾಕಿ ಹಚ್ಚಿದ್ದು ಪಾಪೇಶನ ಹುಡುಗರು.

ಎರಡು ಇಪ್ಪತ್ತಕ್ಕೆ ನನ್ನ ಸ್ಟೂಲಿನ ಮೇಲೆ
ದೊಡ್ಡಬೋರಯ್ಯ.
ಸ್ಟೂಲಿನ ಒಂದು ಕಾಲು ಗಿಡ್ಡ, ಇಟ್ಟಿಗೆ ಚೂರು ಇಟ್ಟೆ.
"ಪಕ್ಷೇತರ ಅಂತ ಹೊಡಿಯಮ್ಮ."
ಪಕ್ಷೇತರನಿಗೆ ಸೂಚಕರು ಹತ್ತು ಮಂದಿ ಬೇಕು.
ಮರದಾಚೆ ಒಂಬತ್ತು ಮಂದಿ ನಿಂತಿದ್ದರು,
ಹತ್ತನೆಯವನನ್ನು ಕರೆತರಲು ಬೈಕು ಹೋಗಿತ್ತು.

ಸರ್ವೆ ನಂಬರು?
ಅವರು ಹೊಂಗೆ ಹೂವು ಉದುರುವುದನ್ನು ನೋಡಿದರು.
ಎಕರೆ? ಗುಂಟೆ?
"ಹಳ್ಳದ ಪಕ್ಕದ್ದು. ಒಂದು ಜಾಲಿ ಮರ ಐತೆ."
ಗಾಡಿ ನಂಬರು?
ಮೂರು ಸಲ ವಿಧಾನಸೌಧದ ಮೆಟ್ಟಿಲು ಹತ್ತಿದ ಮನುಷ್ಯ
ಹೆಂಡತಿಯ ವಯಸ್ಸಿಗೆ ಬೆರಳು ಮಡಚಿ ಎಣಿಸುತ್ತಿದ್ದರು.

ಎರಡು ಮೂವತ್ತೊಂದು.
ಫೋನು ತೆಗೆದರು. ಹುಡುಕಲಿಲ್ಲ, ಹೆಸರು ಮೇಲೇ ಇತ್ತು.
"ಪಾಪೇಶಾ."
ಆ ಕಡೆ ತಮಟೆ, ಜೈಕಾರ,
ಆಮೇಲೆ ಯಾವುದೋ ಬಾಗಿಲು ಹಾಕಿಕೊಂಡ ಹಾಗೆ
ಸದ್ದೆಲ್ಲ ದೂರವಾಗಿ,
"ಹೇಳಿ ಅಣ್ಣಾರೆ."
ಹೇಳಿದರು.
"ಸ್ಪೀಕರ್‌ಗೆ ಹಾಕಿ. ಅಕ್ಕಾ, ಬರ್ಕೋ."
ನೂರಾ ಹದಿನಾಲ್ಕು ಬಾರ್ ಎರಡು,
ನಾಲ್ಕು ಎಕರೆ ಹನ್ನೊಂದು ಗುಂಟೆ,
ಅದೇ ದನಿ, ಮಗ್ಗಿ ಒಪ್ಪಿಸುವ ಹಾಗೆ.
ಬಂಗಾರ ಮಾತ್ರ ಮುನ್ನೂರು ಗ್ರಾಂ ಹೆಚ್ಚು.
ಹೊಸ ಕೇಸು ಒಂದು, ಅದರ ನಂಬರೂ ಗೊತ್ತು.
ಎಲ್ಲ ಮುಗಿಸಿ, "ಬಿಪಿ ಮಾತ್ರೆ ತಗಂಡ್ರಾ?" ಅಂದ.
ಉತ್ತರಕ್ಕೆ ಕಾಯಲಿಲ್ಲ.
ಇವರೂ ಆ ಸತ್ತ ಫೋನನ್ನು ಕಿವಿಯಿಂದ ಬೇಗ ಇಳಿಸಲಿಲ್ಲ.

'ಳ' ಎಬ್ಬಿಸುತ್ತಾ ಎಬ್ಬಿಸುತ್ತಾ ಹೊಡೆದೆ.
ಒಂದು ಕಾಲಂ ಉಳಿಯಿತು: ಕೊಡಬೇಕಾದ ಬಾಕಿ.
"ಏನೂ ಇಲ್ಲ," ಅಂದರು, ಯಾರನ್ನೂ ಕೇಳದೆ.
ಇನ್ನೂರ ನಲವತ್ತು ರೂಪಾಯಿ, ಐದು ವರ್ಷದ್ದು,
ನಾಲಿಗೆ ತುದಿಗೆ ಬಂದಿತ್ತು.
ಅಷ್ಟರಲ್ಲಿ ಬೈಕು, ಹಿಂದೆ ಹತ್ತನೆಯವನು,
ಒಂದೇ ಕಾಲಿಗೆ ಚಪ್ಪಲಿ.
ನೋಟರಿಯವರು ಸೀಲು ಕೈಯಲ್ಲೇ ಹಿಡಿದು ನಿಂತಿದ್ದರು.

'ಇಲ್ಲ' ಎಂದು ಹೊಡೆದು ಹಾಳೆ ಎಳೆದು ಕೊಟ್ಟೆ.
ಸಹಿಗೆ ಪೆನ್ನು ಬೇಕಿತ್ತು. ಜೇಬು ತಡವಿದರು,
ಅದೂ ಅವನ ಹತ್ತಿರವೇ ಇರುತ್ತಿತ್ತೇನೋ.
ನನ್ನದು ಕೊಟ್ಟೆ.
ಅದೂ ವಾಪಸು ಬರಲಿಲ್ಲ.