ಶನಿವಾರದ ಚಳಿ

ಕಜಾನಿ. ಹೊರಗೆ ಮೈನಸ್ ಇಪ್ಪತ್ತು.
ಬಾಗಿಲು ತೆರೆದವಳು ಹಿಲ್ಕಾ, ಬೇಕರಿಯ ರಾತ್ರಿ ಪಾಳಿಯವಳು,
ಕೂದಲಲ್ಲಿನ್ನೂ ಹಿಟ್ಟು.
"ಶನಿವಾರ ಮಾತ್ರ ಮನೆ ತಣ್ಣಗಾಗುತ್ತದೆ" ಎಂದಳು,
ಹೇಳಲು ನಾಚಿಕೆ ಎಂಬಂತೆ.

ಹೀಟ್ ಪಂಪಿನ ಪರದೆ ಒರೆಸಿ ನೋಡಿದೆ.
ಗೆರೆ ಸರಿಯಾಗಿಯೇ ಇತ್ತು:
ಹೊರಗೆ ಐದಿದ್ದರೆ ನೀರು ಮೂವತ್ತು,
ಮೈನಸ್ ಇಪ್ಪತ್ತಾದರೆ ನಲವತ್ತೆರಡು.
ಚಳಿ ಎರಡು ಮೆಟ್ಟಿಲಿಳಿದರೆ
ಕಾವು ಒಂದು ಮೆಟ್ಟಿಲು ಹತ್ತಬೇಕೆಂಬ ಒಪ್ಪಂದ.

ಹಾಗಾದರೆ ಸುಳ್ಳು ಹೇಳುತ್ತಿರುವವರು ಯಾರು?

ಮೊಣಕಾಲುದ್ದ ಹಿಮದಲ್ಲಿ ಮನೆ ಸುತ್ತಿದೆ.
ಹಿತ್ತಿಲ ಗೋಡೆಯಲ್ಲಿ, ಸೌನಾದ ಗವಾಕ್ಷಿಯಿಂದ ಗೇಣು ಮೇಲೆ
ಬೆಂಕಿಪೊಟ್ಟಣದಷ್ಟು ಸೆನ್ಸರ್.
ಶನಿವಾರ ಸಂಜೆ ಇವರು ಸೌನಾ ಕಾಯಿಸುತ್ತಾರೆ.
ಬಿಸಿಯುಸಿರು ಕೆನ್ನೆಗೆ ತಾಗಿದ್ದೇ ತಡ
ಜೂನ್ ಬಂತೆಂದು ಅದು ಒಳಗೆ ಸುದ್ದಿ ಕಳಿಸುತ್ತದೆ.
ಪಾಪ, ಮೈಗೆ ತಾಗಿದಷ್ಟೇ ಅದರ ಲೋಕ.

ಕಿತ್ತು ಉತ್ತರದ ಗೋಡೆಗೆ ಹಾಕಿದೆ.
ಬೆರಳು ಮರಗಟ್ಟಿ ಒಂದು ಸ್ಕ್ರೂ ಹಿಮಕ್ಕೆ ಬಿತ್ತು;
ಸಿಗಲಿಲ್ಲ.

ಇನ್ನು ರಾತ್ರಿಯ ಇಳಿಕೆ: ಹನ್ನೊಂದರಿಂದ ಐದು.
ಕಾರ್ಖಾನೆಯವರು ಬರೆದು ಕಳಿಸಿದ ರಾತ್ರಿ.
"ನೀವು ಮಲಗುವುದು?"
"ಬೆಳಗ್ಗೆ ಒಂಬತ್ತಕ್ಕೆ."
"ರಾತ್ರಿ ಮನೆಯಲ್ಲಿ?"
"ಅಣ್ಣ ಉರ್ಪೊ. ನಿದ್ದೆ ಬಾರದು ಅವನಿಗೆ,
ಕೂತು ಬಲೆ ಹೆಣೆಯುತ್ತಾನೆ."

ಗಂಟೆಗಳನ್ನು ತಿರುವಿ ಹಾಕಿದೆ.
ಎರಡೇ ಡಿಗ್ರಿ ಇಳಿಸಿದ್ದೇನೆ, ಎಂದೆ.
ತೀರಾ ಕೆಳಗಿಳಿದ ಮನೆ ಮತ್ತೆ ಏರುವಾಗ
ಏದುಸಿರು ಬಿಡುತ್ತದೆ,
ಉಳಿಸಿದ್ದನ್ನೆಲ್ಲ ಕರೆಂಟು ನುಂಗುತ್ತದೆ.

ತಲೆಯಾಡಿಸಿದಳು. ಕೇಳಿಸಿಕೊಂಡಳೋ ಇಲ್ಲವೋ.
ರೈ ರೊಟ್ಟಿಯೊಂದನ್ನು ಕೈಗಿತ್ತು
ಕಿಟಕಿಯ ಪರದೆ ಎಳೆದಳು.
ಹೊರಗೆ ಕಣ್ಣು ಕುಕ್ಕುವ ಬಿಸಿಲು.
ಪಂಪಿನ ಮೂಲೆಯಲ್ಲಿ ಆಗಲೇ
ಪುಟ್ಟ ಚಂದ್ರ ಹತ್ತಿಕೊಂಡಿದ್ದ.