ಮೂರು ನಿಮಿಷ, ನಲವತ್ತು ಸೆಕೆಂಡು

ಎರಡು ತೊಡೆಗೆ ನಾಲ್ಕು ಅಂಟುಪಟ್ಟಿ.
‘ತಣ್ಣಗಿದೆ, ಕ್ಷಮಿಸು’ ಎಂದಳು ಮಿಲೋಯ್ಕಾ,
ನನಗದು ತಿಳಿಯದೆಂಬುದನ್ನು ಮರೆತು,
ಅಥವಾ ಮರೆಯದೆ.

ಚೆರ್ರಿ ಮರದ ಏಣಿಯಿಂದ ಬಿದ್ದು ಐದು ವರ್ಷ.
ಎತ್ತರ ಹೆಚ್ಚೇನಲ್ಲ, ಎರಡಾಳು.
ಬುಟ್ಟಿ ಕೊಂಬೆಯಲ್ಲೇ ಉಳಿದಿತ್ತಂತೆ.
ಸಂಜೆ ಯಾರೋ ಇಳಿಸಿ, ತೂಗಿಸಿ,
ಲೆಕ್ಕ ಚುಕ್ತಾ ಮಾಡಿ
ಲ್ಯುಬ್ಲ್ಯಾನಾದ ಆಸ್ಪತ್ರೆಗೇ ಹಣ ಕಳಿಸಿದ್ದರು:
ಹನ್ನೊಂದು ಕಿಲೋ.

ಗುಂಡಿ ಇರುವುದು ನಡಿಗೆಚೌಕಟ್ಟಿನ ಹಿಡಿಯಲ್ಲಿ,
ನನ್ನ ಹೆಬ್ಬೆರಳ ಕೆಳಗೆ.
ಒತ್ತಿದೆ.
ಮೊದಲು ಏನೂ ಇಲ್ಲ.
ಆಮೇಲೆ ತೊಡೆಯೊಳಗೆ ಯಾರೋ ಹಗ್ಗ ಬಿಗಿದರು.
ನನಗೆ ತಿಳಿಯಲಿಲ್ಲ, ಕಂಡಿತು.
ಬೇಲಿಯಾಚೆಯ ನೆರೆಯವನನ್ನು ನೋಡುವಂತೆ
ನನ್ನದೇ ಸ್ನಾಯುವನ್ನು ನೋಡಿದೆ:
ಓಹೋ, ಊರಲ್ಲೇ ಇದ್ದೀಯಾ?

ಬೀಗ ಬಿದ್ದಂತೆ ಮಂಡಿ ನೆಟ್ಟಗಾಯಿತು.
ಸೊಂಟ ಎದ್ದಿತು. ಕಿವಿಯಲ್ಲಿ ಗುಂಯ್.
‘ಉಸಿರಾಡು’ ಅಂದಳು ಮಿಲೋಯ್ಕಾ,
ಅದೊಂದು ಮರೆತೇಹೋಗಿತ್ತು.

ಕಣ್ಣಿಗೆ ಮೊದಲು ಬಿದ್ದದ್ದು ಕಪಾಟಿನ ನೆತ್ತಿ:
ಒಂದು ಬೆರಳು ಧೂಳು,
ಯಾರೋ ಮರೆತಿಟ್ಟ ಕಾಫಿ ಲೋಟ.
ಆಮೇಲೆ ದಾರಿಂಕಾಳ ಬೈತಲೆ.
ಐದು ವರ್ಷ ಅವಳ ಗದ್ದದೊಡನೆ ಮಾತಾಡಿದ್ದೇನೆ;
ನರೆ ಮೇಲಿನಿಂದ ಶುರುವಾಗಿದೆಯೆಂದು
ನನಗೆ ಯಾರೂ ಹೇಳಿರಲಿಲ್ಲ.

ಖಾಲಿ ಗಾಲಿಕುರ್ಚಿ ಕಂಡದ್ದೇ ತಡ
ನೇಝಾ ಹತ್ತಿ ಕೂತು ಗಿರ್ರನೆ ತಿರುಗಿ,
ನನ್ನನ್ನು ಕೆಳಗಿನಿಂದ ಮೇಲಕ್ಕೆ ಅಳೆದು ಕೇಳಿದಳು:
‘ಅಪ್ಪಾ, ನೀನು ನಿಂತಿದ್ದೀಯೋ,
ಕರೆಂಟು ನಿಲ್ಲಿಸಿದೆಯೋ?’

ಕರೆಂಟು ನಿಂತರೆ ನಾನು ನಿಲ್ಲುವುದಿಲ್ಲ, ಪುಟ್ಟಿ.
ಅದು ಹರಿಯುತ್ತಿದ್ದರಷ್ಟೇ ನಾನು ನಿಂತೇನು.
ಅವಳಿಗೆ ಇದು ತಮಾಷೆಯಾಗಿ ಕೇಳಿಸಿತು.
ಸ್ವಂತ ಕಾಲ ಮೇಲೆ ನಿಲ್ಲು ಎಂದು
ನನ್ನಪ್ಪ ಹೇಳುತ್ತಲೇ ಸತ್ತ.
ಕಾಲು ಸ್ವಂತದ್ದೇ ಅಪ್ಪಾ,
ಬ್ಯಾಟರಿ ಮಾತ್ರ ಸರ್ಕಾರದ್ದು.

ಎರಡನೇ ನಿಮಿಷಕ್ಕೆ ತೋಳು ಸೋತು ಮೈಯೆಲ್ಲ ಬೆವರು.
ಮೂರಕ್ಕೆ ಮಂಡಿ ನಡುಗಿತು,
ಈಗಷ್ಟೇ ಹುಟ್ಟಿದ ಕರುವಿನದರಂತೆ.
ಸ್ನಾಯು ದಣಿಯುತ್ತದೆ, ಬೇಗ ದಣಿಯುತ್ತದೆ;
ಹೀಗೆ ಎಬ್ಬಿಸಿದರೆ ಯಾರಿಗಾದರೂ ಹಾಗೆಯೇ.
ಇನ್ನೊಂದೇ ಕ್ಷಣ, ಎಂದೆ.
ಕಿಟಕಿಯಾಚೆ ನಿಲ್ದಾಣಕ್ಕೆ ಬಂದ ಬಸ್ಸು
ಮಂದಿಯನ್ನು ಇಳಿಸಿ ಹೊರಟಿತು;
ಇಳಿದವರಲ್ಲಿ ಒಬ್ಬನೂ
ತಾನು ನಿಂತದ್ದನ್ನು ಗಮನಿಸಲಿಲ್ಲ.

ಕೂತೆ. ಕೂತೆ ಅನ್ನುವುದಕ್ಕಿಂತ
ಕುರ್ಚಿ ನನ್ನನ್ನು ವಾಪಸ್ಸು ತೆಗೆದುಕೊಂಡಿತು.
ಮಿಲೋಯ್ಕಾ ಹೊತ್ತು ಬರೆದುಕೊಂಡಳು.
ಪಟ್ಟಿ ಕಿತ್ತಾಗ ಕೂದಲೂ ಬಂತು;
ಅಡಿಯಲ್ಲಿ ಕೆಂಪು ಚೌಕ, ನಾಲ್ಕು.

ನೇಝಾ ಒಂದೊಂದನ್ನೂ ಮುಟ್ಟಿದಳು.
‘ನೋಯಿತಾ?’

ಹೂಂ, ಎಂದೆ. ಸ್ವಲ್ಪ.