ಎರಡನೇ ಟ್ರಿಪ್ಪು

ಚೀಲದ ಪಟ್ಟಿ ಎಡಭುಜದಿಂದ ಇಳಿದು
ಎದಿ ಹಾದು ಬಲಸೊಂಟಕ್ಕ ಬರ್ತಿತ್ತು.
ಏಳು ವರ್ಷ ಅಲ್ಲೇ ತಿಕ್ಕಿ ತಿಕ್ಕಿ
ಖಾಕಿ ಮ್ಯಾಲೆ ಒಂದು ಕಾಲುದಾರಿ ಸವೆಸಿತ್ತು.
ಆ ದಾರಿ ಅಂಚಿನಾಗ ಗಡ್ಡಿ ಸಿಕ್ಕಾಗ
ನನಗ ಇಪ್ಪತ್ತೊಂಬತ್ತು,
ಮಗ ಮಹಾಂತುಗ ಹನ್ನೊಂದು ತಿಂಗಳು.

"ಹಾಲು ಗಂಟು ಕಟ್ಟೈತಿ" ಅಂದ್ರು ಅತ್ತಿ.
ಬಿಸಿ ಬಟ್ಟಿ, ಎಣ್ಣಿ, ಔಡಲ ಎಲಿ.
ಡಿಪೋದ ಶಾಂತಕ್ಕ ಅಂದ್ಲು,
"ಪಟ್ಟಿ ಒತ್ತಿರಬೇಕು, ಭುಜ ಬದಲಿಸು."
ಬದಲಿಸಿದೆ.
ಹಾಲು ಬಿಡಿಸಿದ ಮ್ಯಾಲೂ ಅದು ಇಳೀಲಿಲ್ಲ,
ಟಿಕೇಟು ತಗೊಳ್ಳದಾಂವ ಕಿಟಕಿ ಕಡಿ ಮಾರಿ ತಿರುವಿದಂಗ
ಕುಂತೇ ಇತ್ತು.

ಡಾಕ್ಟ್ರು "ಎರಡನೇ ಸ್ಟೇಜ್" ಅಂದ್ರು.
ನಗು ಬಂತು ನನಗ.
ಎರಡನೇ ಸ್ಟೇಜು ಅಂದ್ರ ನನ್ನ ಲೆಕ್ಕದಾಗ ಕಲ್ಮಲಾ.
ಚಾದಂಗಡಿ, ಶಾಲಿ ಹುಡುಗರು, ಬೇವಿನ ನೆಳ್ಳು.
ಅಲ್ಲಿ ಇಳಿದವರು ನಡಕೊಂಡೇ ಮನಿ ಮುಟ್ಟತಾರ.

"ವಯಸ್ಸು ಸಣ್ಣದು, ಎಲ್ಲಾ ತೆಗೆಯೂದು ಬ್ಯಾಡ.
ಗಡ್ಡಿ ಅಷ್ಟೇ ತೆಗೀತೀವಿ,
ಆಮ್ಯಾಲೆ ಕರೆಂಟು ಕೊಡಿಸ್ತೀವಿ."
ಗಂಡ ತಲಿ ಅಲ್ಲಾಡಿಸಿದ. ನಾನೂ.
ಉಳಿಸೂದು ಅಂದ್ರ ಯಾರಿಗಿ ಬ್ಯಾಡ?

ಐದು ವಾರ ಕಲಬುರಗಿ.
ಸೋಮವಾರ ಹೋಗೂದು, ಶನಿವಾರ ಬರೂದು,
ಆಧಾರ್ ತೋರಿಸಿ ಶೂನ್ಯದ ಟಿಕೇಟು ತಗೊಳ್ಳೂದು.
"ಎಲ್ಲಿಗಿ ಅಕ್ಕಾ?" ಅಂದ ಹೊಸ ಕಂಡಕ್ಟರ್ ಹುಡುಗ.
ಏಳು ವರ್ಷ ನಾನು ಕೇಳಿದ್ದೇ ಅದು.
ಉತ್ತರ ಕೊಡೂದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ.

ಕೂದಲು ಹೋಗಿ, ಗುಂಗುರಾಗಿ ಬಂತು.
ಎರಡು ವರ್ಷ ನಾನೂ ಹೋದೆ, ಬಂದೆ.
ಪೋತ್ನಾಳಕ್ಕ ಬಿಸಿಲು ಏರೂದು,
ಜವಳಗೇರಿ ದಾಟಿದ್ರ ಕಾಲುವಿ ನೀರಿನ ವಾಸನಿ, ನೆಲ್ಲಿನ ಹಸರು.

ಆಮ್ಯಾಲೆ, ಹೊಲಿಗಿ ಪಕ್ಕ, ಜ್ವಾಳದಷ್ಟು.
ಜಳಕದಾಗ ಸೋಪು ಹತ್ತಿದ ಬೆರಳಿಗಿ ಮೊದಲು ಗೊತ್ತಾತು,
ನಾನು ಆಮ್ಯಾಲೆ ನಂಬಿದೆ.
ನಾಲ್ಕು ದಿನ ಯಾರಿಗೂ ಹೇಳಲಿಲ್ಲ.
ವೇಬಿಲ್ಲಿನಾಗ ಒಂದು ತಲಿ ಹೆಚ್ಚು ಬಂದಾಗ ಮಾಡೂವಂಗ
ಹಿಂದಿನ ಸೀಟಿನಿಂದ ಮತ್ತ ಎಣಿಸಿದೆ.
ಮತ್ತ ಎಣಿಸಿದೆ.

"ವಯಸ್ಸು ಸಣ್ಣದಿದ್ರ ತಿರುಗಿ ಬರೂದು ಜಾಸ್ತಿ"
ಅಂದ್ರು ಡಾಕ್ಟ್ರು, ಗ್ವಾಡಿ ನೋಡಿಕೋತ.
ವಯಸ್ಸು ಸಣ್ಣದಂತ ಉಳಿಸಿದ್ರು.
ವಯಸ್ಸು ಸಣ್ಣದಂತ ಬಂತು.
ಹಂಗಾರ ನಾ ಯಾವ ವಯಸ್ಸಿನಾಗ ಬರಬೇಕಿತ್ರೀ, ಅಂತ ಕೇಳೂವಾಕಿ,
ಚಿಲ್ಲರ ಇಲ್ಲದವರ ಮಾರಿ ಆಗಿತ್ತು ಅವರದು.
ಬಿಟ್ಟೆ.

ಈ ಸಲ ಏನೂ ಉಳಿಸಲಿಲ್ಲ.
ಕಂಕಳದಿಂದ ಎದಿ ಎಲುಬಿನ ತನಕ ಒಂದೇ ಗೀಟು.
ಗಂಡ ದೀಪ ಆರಿಸಿ ಬಲಗಡಿ ಮಗ್ಗಲಿಗಿ ಬರ್ತಾನ.
ಅಂವನ ಮ್ಯಾಲೆ ಸಿಟ್ಟಿಲ್ಲ,
ಇದ್ದರೂ ನಸುಕಿನ ಐದರ ಡ್ಯೂಟಿಗಿ ಅದನ್ನ ಹೊತ್ತು ತರಲ್ಲ.
ಮಹಾಂತು ಮಾತ್ರ ಅಂಗೈ ಇಟ್ಟು ಕೇಳಿದ,
"ಅವ್ವಾ, ಇಲ್ಲಿದ್ದದ್ದು ಯಾವ ಊರಾಗ ಇಳೀತು?"

ಎಡಗೈಗಿ ಭಾರ ಬ್ಯಾಡ ಅಂದಾರ.
ಪಟ್ಟಿ ಈಗ ಬಲಭುಜದಿಂದ ಇಳಿದು ಬಯಲು ದಾಟತೈತಿ,
ತಡೀಲಿಕ್ಕೆ ಏನೂ ಇಲ್ಲ,
ರಸ್ತಿ ಉಬ್ಬು ಬಂದಾಗೊಮ್ಮಿ ಜಾರತೈತಿ.
ಡ್ರೈವರ್ ಮೌಲಾಸಾಬ್ ಏನೂ ಕೇಳಲಿಲ್ಲ,
ಉಬ್ಬು ಬಂತಂದ್ರ ಮೆಲ್ಲಕ ಇಳಸ್ತಾರ.

ಇವತ್ತು ನೀರಮಾನ್ವಿಯಾಗ ಒಬ್ಬಾಕಿ ಹತ್ತಿದ್ಲು,
ಬಗಲಾಗ ಕೂಸು, ಜೊತಿಗಿ ಅತ್ತಿ.
"ಮಾನ್ವಿಗಿ, ಔಷಧಕ್ಕ.
ಹಾಲು ಗಂಟು ಕಟ್ಟೈತಿ ಈಕಿಗಿ."
"ಎಷ್ಟು ದಿನಾತು?"
"ಎರಡು ತಿಂಗಳು ಆಗಿರಬೇಕು."

ಸ್ಟೇಜು ಮುಟ್ಟೂದ್ರೊಳಗ ಟಿಕೇಟು ಹರೀಬೇಕು, ಕಾನೂನು.
ಮಷೀನು ಕಿರ್ರಂತ ಚೀಟಿ ಹಾಕ್ತು.
ಮಾನ್ವಿ. ಎರಡು ಹೆಣ್ಣು. ಶೂನ್ಯ.
ಚೀಟಿ ಕೈಯಾಗ ಇಟ್ಟು, ಕೈ ಬಿಡದ ಹಂಗೇ ಅಂದೆ,
ಎರಡೂವರಿಗಿ ಇದೇ ಬಸ್ಸು ತಿರುಗಿ ಬರತೈತಿ ತಂಗಿ,
ರಾಯಚೂರಿಗಿ, ದೊಡ್ಡಾಸ್ಪತ್ರಿ ಮುಂದ ಹಾದು.
ಮಾನ್ವಿ ಸ್ಟ್ಯಾಂಡಿನಾಗ ನಿಂತಿರು.
ನೀ ಹತ್ತೂತನಕ
ನಾ ರೈಟ್ ಅನ್ನಲ್ಲ.